ಬಜ್ಪೆಯ ಗುಡ್ಡಕ್ಕೆ ಹೋಗುವ ದಾರಿ

ಉಡುಪಿ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೆ ವಿಮಾನದ ವೇಳಾಪಟ್ಟಿ ಗೊತ್ತಿಲ್ಲದ ಮನೆ ಕಾಪುವಿನಲ್ಲೋ ಉಚ್ಚಿಲದಲ್ಲೋ ಕಾರ್ಕಳದಲ್ಲೋ ಹುಡುಕಿದರೆ ಸಿಗುವುದು ಕಷ್ಟ. ದುಬೈ ವಿಮಾನ ಎಷ್ಟು ಗಂಟೆಗೆ ಇಳಿಯುತ್ತದೆ, ಎಷ್ಟು ಕಿಲೋ ಸಾಮಾನು ಬಿಡುತ್ತಾರೆ, ಈದ್‌ ಹತ್ತಿರವಾದಾಗ ಟಿಕೆಟ್ ಎಷ್ಟು ಏರುತ್ತದೆ ಎಂಬುದನ್ನು ಅಡುಗೆ ಮನೆಯಲ್ಲಿರುವ ಉಮ್ಮಂದಿರೇ ಥಟ್ಟನೆ ಹೇಳಿಬಿಡುತ್ತಾರೆ. ಮಗ ಅಲ್ಲಿ, ಅಳಿಯ ಅಲ್ಲಿ, ಈಗ ಮಗಳೂ ಮೊಮ್ಮಕ್ಕಳೂ ಅಲ್ಲಿಯೇ.

ಆದುದರಿಂದ ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವನ್ನು ನಾವು ಪತ್ರಿಕೆಯ ವಾಣಿಜ್ಯ ಪುಟದ ಸುದ್ದಿಯಾಗಿ ಮಾತ್ರ ನೋಡಿದರೆ ಸಾಲದು. ಅಲ್ಲಿ ಯಾರು ಹಣ ಹೂಡುತ್ತಾರೆ, ಏನು ಕಟ್ಟುತ್ತಾರೆ, ಏನನ್ನು ಕಟ್ಟದೆ ಬಿಡುತ್ತಾರೆ ಎಂಬುದು ನಮ್ಮ ಮನೆಯ ಲೆಕ್ಕವೂ ಹೌದು. ಬನ್ನಿ ಸಹೋದರಿಯರೇ, ಈ ಬಾರಿ ಯಾರನ್ನೂ ಬೀಳ್ಕೊಡುವ ಗಡಿಬಿಡಿಯಿಲ್ಲದೆ, ಸೂಟ್‌ಕೇಸಿನ ತೂಕದ ಚಿಂತೆಯಿಲ್ಲದೆ, ಬಜ್ಪೆಯ ಆ ಗುಡ್ಡದವರೆಗೆ ಹೋಗಿ ನೋಡಿ ಬರೋಣ.

ಮೂರು ಊರು, ಒಂದೇ ಗುಡ್ಡ

ನೀವು ಉಡುಪಿ ಅಥವಾ ಮಣಿಪಾಲದವರಾದರೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೊರಡುತ್ತೀರಿ. ಕಟಪಾಡಿ ದಾಟಿದ ಮೇಲೆ ಕಾಪು. ಬಲಗಡೆಗೆ ಕಡಲು, ಅದರ ದಂಡೆಯ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ. ಒಂದು ಕಾಲದಲ್ಲಿ ಹಡಗಿನಲ್ಲಿ ಹೋದವರಿಗೆ ಊರು ಹತ್ತಿರ ಬಂತೆಂದು ಹೇಳುತ್ತಿದ್ದುದು ಆ ಬೆಳಕು. ಉಚ್ಚಿಲ, ಪಡುಬಿದ್ರಿ, ಹೆಜಮಾಡಿಯ ಟೋಲ್ ಗೇಟು, ನಂತರ ಶಾಂಭವಿ ನದಿಯ ಸೇತುವೆ, ಮುಲ್ಕಿ. ಅಲ್ಲಿಂದ ಎಡಕ್ಕೆ ತಿರುಗಿದರೆ ಕಿನ್ನಿಗೋಳಿ, ಕಟೀಲು, ಬಜ್ಪೆ. ತಿರುಗದೆ ನೇರ ಹೋದರೆ ಸುರತ್ಕಲ್, ಕೂಳೂರು, ಕಾವೂರು, ಮರವೂರು. ಕಾರ್ಕಳದವರಿಗೆ ಬೆಳ್ಮಣ್, ಮುಂಡ್ಕೂರು, ಕಿನ್ನಿಗೋಳಿಯ ದಾರಿಯಿದೆ. ಮೂಡುಬಿದಿರೆ, ಕೈಕಂಬದ ದಾರಿಯೂ ಇದೆ. ಯಾವ ದಾರಿಯಿಂದ ಬಂದರೂ ಕೊನೆಗೆ ಏರುವುದು ಒಂದೇ ಗುಡ್ಡ.

ಈ ಪ್ರಯಾಣ ಒಂದು ಒಂದೂವರೆ ಗಂಟೆಯದು ಎಂದು ನಾವು ಹೇಳುತ್ತೇವೆ. ಆದರೆ ವಿಮಾನ ಬೆಳಿಗ್ಗೆ ಐದಕ್ಕೆ ಎಂದಾದರೆ ಮನೆ ಏಳುವುದು ರಾತ್ರಿ ಹನ್ನೆರಡಕ್ಕೆ. ಮಳೆಗಾಲದಲ್ಲಿ ಹೆದ್ದಾರಿಯ ಗುಂಡಿಗಳನ್ನು ಲೆಕ್ಕ ಹಾಕಿ ಇನ್ನೂ ಅರ್ಧ ಗಂಟೆ ಮೊದಲೇ ಹೊರಡಬೇಕು. ಸುರತ್ಕಲ್‌ನ ಟೋಲ್ ಗೇಟು ಬೇಡವೆಂದು ಜನರು ವರ್ಷಗಟ್ಟಲೆ ಹೋರಾಡಿದ ಮೇಲೆ 2022ರ ಡಿಸೆಂಬರ್‌ನಿಂದ ಅಲ್ಲಿ ಸುಂಕ ವಸೂಲಿ ನಿಂತಿತು. 2021ರ ಜೂನ್‌ನಲ್ಲಿ ಮರವೂರಿನಲ್ಲಿ ಫಲ್ಗುಣಿ ನದಿಯ ಸೇತುವೆ ಒಂದು ಬೆಳಿಗ್ಗೆ ಕುಸಿದಾಗ ಮಂಗಳೂರು ಪೇಟೆಯಿಂದ ನಿಲ್ದಾಣಕ್ಕೆ ಬರುವ ನೇರ ದಾರಿಯೇ ಮುಚ್ಚಿಹೋಯಿತು. ಪ್ರಯಾಣಿಕರು ಸುತ್ತು ದಾರಿ ಹಿಡಿಯಬೇಕಾಯಿತು. ವಿಮಾನ ನಿಲ್ದಾಣದ ವಿಸ್ತರಣೆ ಎಂದರೆ ಗುಡ್ಡದ ಮೇಲಿನ ಕಟ್ಟಡ ಮಾತ್ರವಲ್ಲ, ಗುಡ್ಡದ ಬುಡದ ಸೇತುವೆಯೂ ಅದರಲ್ಲಿ ಸೇರಿದೆ ಎಂದು ಆ ದಿನ ಎಲ್ಲರಿಗೂ ತಿಳಿಯಿತು.

ಮುಂಬೈಯ ದಾರಿ ಮರೆತಿಲ್ಲ

ನಿಮ್ಮ ಮನೆಯಲ್ಲಿ ಅರುವತ್ತು ದಾಟಿದ ಹಿರಿಯರಿದ್ದರೆ ಒಮ್ಮೆ ಕೇಳಿ ನೋಡಿ: ಅವರು ಮೊದಲ ಬಾರಿ ಗಲ್ಫಿಗೆ ಹೋದದ್ದು ಹೇಗೆ ಎಂದು. ಹೆಚ್ಚಿನವರು ಮುಂಬೈಯ ಹೆಸರು ಹೇಳುತ್ತಾರೆ. 1970ರ ದಶಕದಲ್ಲಿ ಕೊಲ್ಲಿ ರಾಷ್ಟ್ರಗಳಲ್ಲಿ ತೈಲದ ಹಣ ಹರಿಯತೊಡಗಿದಾಗ ಕರಾವಳಿಯ ಹುಡುಗರು ಬಸ್ಸು ಹತ್ತಿ ಮುಂಬೈಗೆ ಹೋಗುತ್ತಿದ್ದರು. ಘಟ್ಟ ಹತ್ತಿ, ರಾತ್ರಿ ಹಗಲು ಕುಳಿತು, ಕಾಲು ಊದಿಸಿಕೊಂಡು ಇಳಿಯುವ ಪ್ರಯಾಣ ಅದು. ಅಲ್ಲಿ ಊರಿನವರ ಕೋಣೆಯಲ್ಲೋ ಪರಿಚಯದವರ ಹೋಟೆಲಿನಲ್ಲೋ ಉಳಿದು, ಏಜೆಂಟರ ಬಾಗಿಲು ಕಾದು, ವೀಸಾ ಬಂದ ದಿನ ವಿಮಾನ ಹತ್ತುತ್ತಿದ್ದರು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಬಸ್ಸಿನ ಕಷ್ಟ ಸ್ವಲ್ಪ ತಗ್ಗಿತು. ಆದರೂ ಗಲ್ಫಿನ ದಾರಿ ಮುಂಬೈಯ ಮೂಲಕವೇ ಇತ್ತು.

ಮನೆಯ ಹೆಂಗಸರಿಗೆ ಆ ಕಾಲದಲ್ಲಿ ಬೀಳ್ಕೊಡುವ ಜಾಗವೆಂದರೆ ಬಸ್ ಸ್ಟ್ಯಾಂಡು ಅಥವಾ ಮನೆಯ ಅಂಗಳ. ಅಲ್ಲಿಂದಾಚೆ ಅವರು ವಿಮಾನ ಹತ್ತಿದರೋ ಇಲ್ಲವೋ ತಿಳಿಯಲು ಪತ್ರ ಬರುವವರೆಗೆ ಕಾಯಬೇಕಿತ್ತು. ರಜೆಯಲ್ಲಿ ಬರುವವರು ಕೊಡುವ ಎರಡು ತಿಂಗಳಲ್ಲಿ ನಾಲ್ಕು ದಿನ ಮುಂಬೈಗೇ ಹೋಗಿಬಿಡುತ್ತಿತ್ತು. ಊರಿನಲ್ಲಿ ತಂದೆ ತೀರಿಕೊಂಡರೆ ಮಗ ಮಣ್ಣಿಗೆ ತಲುಪುವುದು ಅಪರೂಪವಾಗಿತ್ತು.

ಬಜ್ಪೆಯಲ್ಲಿ ವಿಮಾನ ನಿಲ್ದಾಣ ಆಗಲೂ ಇತ್ತು. 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅದನ್ನು ಉದ್ಘಾಟಿಸಿದ್ದರು. ಆಗ ನಮ್ಮ ಜಿಲ್ಲೆ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಆದರೆ ಅಲ್ಲಿದ್ದ ರನ್‌ವೇಯ ಉದ್ದ 1,615 ಮೀಟರ್. ಗಲ್ಫಿಗೆ ತುಂಬಿದ ವಿಮಾನ ಹಾರಿಸಲು ಅದು ಸಾಕಾಗುತ್ತಿರಲಿಲ್ಲ. 1981ರ ಆಗಸ್ಟ್‌ನಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಒಂದು ಸಣ್ಣ ವಿಮಾನ ಇಳಿಯುವಾಗ ಈ ರನ್‌ವೇಯನ್ನು ದಾಟಿ ಮುಂದೆ ಹೋಗಿ ನಿಂತಿತು. ಆ ದಿನ ಯಾರ ಪ್ರಾಣವೂ ಹೋಗಲಿಲ್ಲ.

2006ರಲ್ಲಿ 2,450 ಮೀಟರ್ ಉದ್ದದ ಹೊಸ ರನ್‌ವೇ ಬಳಕೆಗೆ ಬಂತು. ಅದೇ ವರ್ಷದ ಅಕ್ಟೋಬರ್ 3ರಂದು ದುಬೈಯಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಮೊದಲ ವಿಮಾನ ಇಲ್ಲಿಗೆ ಬಂದಿಳಿಯಿತು. ಅಲ್ಲಿಂದ ಅಬುಧಾಬಿ, ಮಸ್ಕತ್, ದೋಹಾ, ದಮಾಮ್ ಎಂದು ಕಾಲಕಾಲಕ್ಕೆ ಊರುಗಳು ಸೇರುತ್ತಾ ಹೋದವು. 2012ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ನಿಲ್ದಾಣಕ್ಕೆ ಅಂತಾರಾಷ್ಟ್ರೀಯ ಎಂಬ ಸ್ಥಾನವನ್ನೂ ಕೊಟ್ಟಿತು. ಮುಂಬೈಯ ನಾಲ್ಕು ದಿನ ಉಳಿದವು. ನಾಲ್ಕು ಗಂಟೆಯ ಹಾರಾಟದಲ್ಲಿ ಮಗ ಮನೆಗೆ ಬರುವಂತಾಯಿತು. ಈ ಹೂಡಿಕೆಯಿಂದ ನಮಗೇನು ಸಿಕ್ಕಿತೆಂದು ಕೇಳಿದರೆ ಉತ್ತರ ಇದೇ. ಕುಟುಂಬದೊಂದಿಗೆ ಕಳೆಯುವ ದಿನಗಳು ಹೆಚ್ಚಿದವು.

ಗುಡ್ಡದ ನೆತ್ತಿಯ ಹಾದಿ

ಬಜ್ಪೆ ಪೇಟೆ ದಾಟಿ, ಹಳೆಯ ನಿಲ್ದಾಣದ ದಾರಿಯನ್ನು ಹಿಂದೆ ಬಿಟ್ಟು, ಕೆಂಜಾರಿನ ಕಡೆಗೆ ಇಳಿದರೆ ಹೊಸ ಟರ್ಮಿನಲ್‌ಗೆ ಹೋಗುವ ರಸ್ತೆ ಸಿಗುತ್ತದೆ. 2010ರ ಮೇ 15ರಂದು ಉದ್ಘಾಟನೆಯಾದ ಕಟ್ಟಡ ಇದು. ಮುಂದೆ ಇದನ್ನು ಇನ್ನಷ್ಟು ವಿಸ್ತರಿಸಲಾಯಿತು. ಮುರಕಲ್ಲಿನ ನೆಲ, ಗೇರು ಮರಗಳು, ಕೆಳಗೆ ಕಣಿವೆಯಲ್ಲಿ ತೆಂಗು ಅಡಿಕೆ ತೋಟ. ಕಾರಿನಿಂದ ಇಳಿದು ಒಂದು ಕ್ಷಣ ಸುತ್ತ ನೋಡಿ. ನೀವು ನಿಂತಿರುವುದು ಗುಡ್ಡಗಳ ನೆತ್ತಿಯನ್ನು ಸಮ ಮಾಡಿ, ನಡುವಿನ ತಗ್ಗುಗಳನ್ನು ತುಂಬಿ ಮಾಡಿದ ಸಮತಟ್ಟು ಜಾಗದಲ್ಲಿ. ಸಮುದ್ರ ಮಟ್ಟದಿಂದ ಸುಮಾರು ನೂರು ಮೀಟರ್ ಎತ್ತರ. ಇಂಥ ನಿಲ್ದಾಣವನ್ನು ಟೇಬಲ್‌ಟಾಪ್ ಎನ್ನುತ್ತಾರೆ. ಮೇಜಿನ ಹಲಗೆಯ ಮೇಲೆ ಉರುಳಿಸಿದ ಗೋಲಿ ಅಂಚಿನವರೆಗೆ ಮಾತ್ರ ಉರುಳಬಹುದು. ಬಯಲಿನ ನಿಲ್ದಾಣದಲ್ಲಿ ವಿಮಾನ ಸ್ವಲ್ಪ ಮುಂದೆ ಹೋದರೆ ಹುಲ್ಲಿನಲ್ಲಿ ನಿಲ್ಲುತ್ತದೆ. ಇಲ್ಲಿ ಅಂಚಿನಾಚೆ ಕಣಿವೆ.

ಪಕ್ಕದ ಊರುಗಳನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 2018ರ ಡಿಸೆಂಬರ್‌ನಲ್ಲಿ ಆರಂಭವಾದ ಕಣ್ಣೂರು ನಿಲ್ದಾಣದ ರನ್‌ವೇ 3,050 ಮೀಟರ್. ಘಟ್ಟದ ಮೇಲಿನ ಶಿವಮೊಗ್ಗದಲ್ಲಿ 2023ರಲ್ಲಿ ಉದ್ಘಾಟನೆಯಾದದ್ದು 3,200 ಮೀಟರ್. ಅವೆರಡಕ್ಕಿಂತ ಹಳೆಯದಾದ ನಮ್ಮ ನಿಲ್ದಾಣದ್ದು ಇಂದಿಗೂ 2,450 ಮೀಟರ್. ರನ್‌ವೇಯನ್ನು ಉದ್ದ ಮಾಡಬೇಕೆಂಬ ಬೇಡಿಕೆ ಬಹಳ ಹಳೆಯದು. ಆದರೆ ಇಲ್ಲಿ ಉದ್ದ ಮಾಡುವುದೆಂದರೆ ಡಾಮರು ಹಾಕುವುದಲ್ಲ. ಕಣಿವೆಯನ್ನು ತಳದಿಂದ ತುಂಬಿ ತರಬೇಕು. ತುಂಬಿದ ಮಣ್ಣು ನಮ್ಮ ಮಳೆಗೆ ಜಾರದಂತೆ ಕಟ್ಟಬೇಕು. ಆ ಕಣಿವೆಯಲ್ಲಿ ಮನೆ, ತೋಟ, ಬಾವಿ ಇರುವವರು ಎದ್ದು ಹೋಗಬೇಕು. ನಮ್ಮ ಮಕ್ಕಳು ಸುರಕ್ಷಿತವಾಗಿ ಇಳಿಯಲಿ ಎಂದು ನಾವು ಬಯಸುವಾಗ, ತಲೆತಲಾಂತರದ ಮನೆ ಬಿಟ್ಟುಕೊಡುವ ಆ ಕುಟುಂಬದ ಹೆಂಗಸರನ್ನೂ ನೆನೆಯಬೇಡವೇ? ಅವರಿಗೆ ಸಿಗುವ ಪರಿಹಾರ, ಬದಲಿ ಜಾಗ, ನೀರಿನ ವ್ಯವಸ್ಥೆ ಎಲ್ಲವೂ ವಿಸ್ತರಣೆಯ ಖರ್ಚಿನ ಮೊದಲ ಸಾಲಿನಲ್ಲಿ ಇರಬೇಕಾದುದೇ ನ್ಯಾಯ.

ಮೇ 22ರ ಆ ಬೆಳಿಗ್ಗೆ

ಹೊಸ ಟರ್ಮಿನಲ್ ಉದ್ಘಾಟನೆಯಾಗಿ ಒಂದೇ ವಾರ. 2010ರ ಮೇ 22, ಶನಿವಾರ. ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ವಿಮಾನ ಬೆಳಿಗ್ಗೆ ಆರು ಗಂಟೆ ದಾಟುತ್ತಿದ್ದಂತೆ ಇಳಿಯಿತು. ನಿಲ್ಲಲಿಲ್ಲ. ರನ್‌ವೇಯ ಅಂಚು ದಾಟಿ, ಅಲ್ಲಿದ್ದ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿದು, ಕಣಿವೆಗೆ ಉರುಳಿ ಹೊತ್ತಿ ಉರಿಯಿತು. ಒಳಗಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು. ಎಂಟು ಜನ ಬದುಕಿ ಹೊರಬಂದರು. ಮಂಗಳೂರು, ಕಾಸರಗೋಡು, ಉಡುಪಿ, ಭಟ್ಕಳದ ಮನೆಗಳವರು ಸ್ವಾಗತಕ್ಕೆಂದು ಬಂದು ನಿಂತಿದ್ದರು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಸುಟ್ಟ ದೇಹಗಳ ನಡುವೆ ಬಳೆ, ಉಂಗುರ, ವಾಚುಗಳ ಗುರುತು ಹಿಡಿದು ತಮ್ಮವರನ್ನು ಹುಡುಕಿದ ಆ ದಿನವನ್ನು ನಮ್ಮ ಕರಾವಳಿ ಮರೆಯಲಾರದು. ಯಾರದೆಂದು ಕೊನೆಗೂ ತಿಳಿಯದೆ ಉಳಿದ 12 ದೇಹಗಳನ್ನು ಕೂಳೂರಿನ ಬಳಿ ಫಲ್ಗುಣಿ ನದಿಯ ದಂಡೆಯಲ್ಲಿ, ಧರ್ಮ ಜಾತಿಗಳ ಹೆಸರಿಲ್ಲದೆ ಒಟ್ಟಿಗೆ ಮಣ್ಣು ಮಾಡಲಾಯಿತು. ಈಗ ಅಲ್ಲಿ ಸ್ಮಾರಕವಿದೆ. ಕೂಳೂರಿನ ದಾರಿಯಲ್ಲಿ ಹೋಗುವಾಗ ಐದು ನಿಮಿಷ ನಿಂತು ಅವರಿಗಾಗಿ ಪ್ರಾರ್ಥಿಸಿ.

ತಪ್ಪು ಯಾರದು ಎಂದು ತನಿಖೆ ನಡೆಯಿತು. ಸರಿಯಾದ ಎತ್ತರದಲ್ಲಿ ಬಾರದ ವಿಮಾನವನ್ನು ಮೇಲಕ್ಕೆತ್ತದೆ ಇಳಿಸಿದ್ದೇ ನೇರ ಕಾರಣವೆಂದು ನ್ಯಾಯಾಲಯ ವಿಚಾರಣೆಯ ವರದಿ ಹೇಳಿತು. ದಾರಿಯಲ್ಲಿ ಬಹಳ ಹೊತ್ತು ನಿದ್ರಿಸಿದ್ದ ಮುಖ್ಯ ಪೈಲಟ್‌ಗೆ ನಿದ್ದೆಯ ಮಂಪರು ಕಳೆದಿರಲಿಲ್ಲ. ಪಕ್ಕದ ಪೈಲಟ್ ಮೂರು ಬಾರಿ ಎಚ್ಚರಿಸಿದರೂ ಅವರು ಕೇಳಲಿಲ್ಲ. ವಿಮಾನ ನೆಲ ಮುಟ್ಟುವ ಹೊತ್ತಿಗೆ ರನ್‌ವೇಯ ಅರ್ಧಕ್ಕಿಂತ ಹೆಚ್ಚು ಹಿಂದೆ ಸರಿದಿತ್ತು.

ಹಾಗಾದರೆ ರನ್‌ವೇಯ ತಪ್ಪಿಲ್ಲವೆಂದು ಸುಮ್ಮನಿರಬಹುದೇ? ಇಲ್ಲ. ಮನುಷ್ಯ ತಪ್ಪು ಮಾಡುತ್ತಾನೆ, ಅದು ಎಲ್ಲ ಕಾಲಕ್ಕೂ ಇರುವುದು. ಆ ತಪ್ಪಿಗೆ ಶಿಕ್ಷೆ ಏನಾಗಬೇಕು ಎಂಬುದನ್ನು ನಿಲ್ದಾಣ ಕಟ್ಟುವವರು ನಿರ್ಧರಿಸುತ್ತಾರೆ. ರನ್‌ವೇ ಮುಗಿದ ಮೇಲೂ ವಿಮಾನ ನಿಲ್ಲಲು ಒಂದಿಷ್ಟು ಸುರಕ್ಷಿತ ಜಾಗ ಬಿಡಬೇಕೆಂಬುದು ಜಾಗತಿಕ ನಿಯಮ. ಈ ಜಾಗ ಕನಿಷ್ಠ 90 ಮೀಟರ್ ಇರಬೇಕು, 240 ಮೀಟರ್ ಇದ್ದರೆ ಒಳ್ಳೆಯದು ಎನ್ನುತ್ತದೆ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ. ಜಾಗವೇ ಇಲ್ಲದ ಕಡೆ ಚಕ್ರವನ್ನು ಹಿಡಿದು ನಿಲ್ಲಿಸುವ, ತುಳಿದರೆ ಪುಡಿಯಾಗುವ ವಿಶೇಷ ಹಾಸನ್ನು ಹಾಕುವ ವಿಧಾನವೂ ಜಗತ್ತಿನಲ್ಲಿದೆ. ಅಂಚಿನಲ್ಲಿರುವ ಆಂಟೆನಾದ ಕಟ್ಟೆಗಳು ಬಡಿದರೆ ಸುಲಭವಾಗಿ ಮುರಿದುಬೀಳುವಂತಿರಬೇಕು ಎಂಬ ಮಾತೂ ಈ ದುರಂತದ ನಂತರ ಬಂತು. ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರ ಮಳೆಯ ರಾತ್ರಿ, ಇನ್ನೊಂದು ಟೇಬಲ್‌ಟಾಪ್ ನಿಲ್ದಾಣವಾದ ಕೋಝಿಕ್ಕೋಡಿನ ಕರಿಪುರದಲ್ಲಿ ದುಬೈಯಿಂದ ಬಂದ ವಿಮಾನ ಹಾಗೆಯೇ ಅಂಚು ದಾಟಿ ಬಿದ್ದು 21 ಜನ ತೀರಿಕೊಂಡರು. ಎರಡೂ ಬಾರಿ ವಿಮಾನದಲ್ಲಿದ್ದವರು ಮನೆಗೆ ಮರಳುತ್ತಿದ್ದವರು.

ಹಣ ಯಾರದು?

ಈಗ ಹೂಡಿಕೆಯ ವಿಷಯಕ್ಕೆ ಬರೋಣ. 2020ರವರೆಗೆ ನಮ್ಮ ನಿಲ್ದಾಣವನ್ನು ನಡೆಸುತ್ತಿದ್ದುದು ಕೇಂದ್ರ ಸರಕಾರದ ವಿಮಾನ ನಿಲ್ದಾಣ ಪ್ರಾಧಿಕಾರ. 2019ರ ಫೆಬ್ರವರಿಯಲ್ಲಿ ದೇಶದ ಆರು ನಿಲ್ದಾಣಗಳನ್ನು ಖಾಸಗಿಗೆ ವಹಿಸಲು ಹರಾಜು ನಡೆಯಿತು. ಅಹಮದಾಬಾದ್, ಲಕ್ನೋ, ಜೈಪುರ, ಗುವಾಹಟಿ, ತಿರುವನಂತಪುರಗಳ ಜೊತೆ ಮಂಗಳೂರೂ ಅದರಲ್ಲಿತ್ತು. ಆರನ್ನೂ ಅದಾನಿ ಸಮೂಹವೇ ಪಡೆಯಿತು. ಪ್ರತಿ ಪ್ರಯಾಣಿಕನ ಲೆಕ್ಕದಲ್ಲಿ ಪ್ರಾಧಿಕಾರಕ್ಕೆ ಇಷ್ಟು ಕೊಡುತ್ತೇವೆಂದು ಹೇಳುವುದು ಆ ಹರಾಜಿನ ಕ್ರಮ. ಮಂಗಳೂರಿಗೆ ಅವರು ಹೇಳಿದ್ದು 115 ರೂಪಾಯಿ. 2020ರ ಅಕ್ಟೋಬರ್ 31ರಿಂದ ನಿಲ್ದಾಣ ಅವರ ಕೈಗೆ ಬಂತು. ಒಪ್ಪಂದ 50 ವರ್ಷಗಳದು. ಅಂದರೆ ಇಂದು ತೊಟ್ಟಿಲಲ್ಲಿರುವ ಮಗು ಮೊಮ್ಮಕ್ಕಳನ್ನು ಕಾಣುವ ವಯಸ್ಸಿಗೆ ಬರುವವರೆಗೆ.

ಖಾಸಗಿಯವರು ಹಣ ಹಾಕುತ್ತಾರೆ, ನಮಗೇನು ಎಂದು ಕೆಲವರು ಹೇಳುವುದುಂಟು. ಇಲ್ಲಿಯೇ ನಾವು ಸ್ವಲ್ಪ ಗಮನ ಕೊಡಬೇಕು. ಮುಂದಿನ ಬಾರಿ ಟಿಕೆಟ್ ಕೈಗೆ ಬಂದಾಗ ದರದ ವಿವರವನ್ನು ಓದಿ ನೋಡಿ. ಅದರಲ್ಲಿ ಬಳಕೆದಾರರ ಅಭಿವೃದ್ಧಿ ಶುಲ್ಕ, ಚಿಕ್ಕದಾಗಿ ಯುಡಿಎಫ್, ಎಂಬ ಸಾಲೊಂದಿರುತ್ತದೆ. ನಿಲ್ದಾಣಕ್ಕೆ ಹಾಕಿದ ಬಂಡವಾಳ, ಅದರ ಮೇಲಿನ ನ್ಯಾಯವಾದ ಲಾಭ, ನಡೆಸುವ ಖರ್ಚು ಇವನ್ನೆಲ್ಲ ಲೆಕ್ಕ ಹಾಕಿ, ಅಂಗಡಿ ಬಾಡಿಗೆಯಂಥ ಇತರ ಆದಾಯದ ಒಂದು ಪಾಲನ್ನು ಕಳೆದು, ಉಳಿದದ್ದನ್ನು ವಿಮಾನ ಸಂಸ್ಥೆಗಳಿಂದಲೂ ಪ್ರಯಾಣಿಕರಿಂದಲೂ ವಸೂಲು ಮಾಡುವುದು ಈ ವ್ಯವಸ್ಥೆ. ದರ ಎಷ್ಟಿರಬೇಕೆಂದು ನಿರ್ಧರಿಸುವುದು ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ. ಸರಳವಾಗಿ ಹೇಳಬೇಕೆಂದರೆ, ಕಂಪೆನಿ ಇಂದು ಹಾಕುವ ಹಣವನ್ನು ನಾಳೆ ತೀರಿಸುವವರು ನಾವು. ಅಮೃತಶಿಲೆಯ ನೆಲ ಹಾಕಿದರೂ ನಮ್ಮ ಟಿಕೆಟಿನಿಂದ, ರನ್‌ವೇ ರಿಪೇರಿ ಮಾಡಿದರೂ ನಮ್ಮ ಟಿಕೆಟಿನಿಂದ.

2023ರ ಆರಂಭದಲ್ಲಿ ಹಗಲು ಹೊತ್ತು ವಿಮಾನ ನಿಲ್ಲಿಸಿ ಇಡೀ ರನ್‌ವೇಗೆ ಹೊಸ ಡಾಮರು ಹಾಸಿದ್ದು ನಿಮಗೆ ನೆನಪಿರಬಹುದು. ಹಲವರ ಪ್ರಯಾಣ ಆಗ ಏರುಪೇರಾಯಿತು. ಆದರೆ 2006ರಿಂದ ತುಳಿತಕ್ಕೊಳಗಾದ ಕಾಂಕ್ರೀಟಿನ ಮೇಲೆ ಮಳೆಗಾಲಕ್ಕೆ ಮೊದಲೇ ಒಳ್ಳೆಯ ಹಿಡಿತದ ಮೇಲ್ಮೈ ಹಾಕಿದ್ದು ಅಗತ್ಯದ ಕೆಲಸ. ಇಂಥ ಕೆಲಸ ಉದ್ಘಾಟನೆಯ ಫೋಟೋದಲ್ಲಿ ಚಂದ ಕಾಣುವುದಿಲ್ಲ. ಆದರೆ ಮಳೆಯ ರಾತ್ರಿ ನಮ್ಮ ಮಕ್ಕಳನ್ನು ನಿಲ್ಲಿಸುವುದು ಅದೇ.

2024-25ರಲ್ಲಿ ಈ ನಿಲ್ದಾಣವನ್ನು ಬಳಸಿದವರ ಸಂಖ್ಯೆ ಸುಮಾರು 23 ಲಕ್ಷ. ಮಣಿಪಾಲದಲ್ಲಿ ಓದಲು ಬರುವ ದೂರದ ರಾಜ್ಯಗಳ ಮಕ್ಕಳು, ಅಲ್ಲಿನ ಆಸ್ಪತ್ರೆಗೆ ಬರುವ ರೋಗಿಗಳು, ಬೆಂಗಳೂರು ಮುಂಬೈಗಳಲ್ಲಿ ದುಡಿಯುವವರು, ವ್ಯಾಪಾರಿಗಳು ಎಲ್ಲರೂ ಅದರಲ್ಲಿದ್ದಾರೆ. ಆದರೆ ಈ ನಿಲ್ದಾಣಕ್ಕೆ ವಿದೇಶದ ದಾರಿ ತೆರೆಸಿದ್ದು ಗಲ್ಫಿನಲ್ಲಿ ದುಡಿದವರ ಬೇಡಿಕೆ. ಕೊರೊನಾ ಕಾಲದಲ್ಲಿ ಎಲ್ಲ ವಿಮಾನ ನಿಂತಿದ್ದಾಗ, 2020ರ ಮೇ 12ರಂದು ಅತಂತ್ರರಾದವರನ್ನು ಹೊತ್ತ ಮೊದಲ ವಿಮಾನ ದುಬೈಯಿಂದ ಇಲ್ಲಿಗೆ ಬಂದದ್ದೂ ಅವರಿಗಾಗಿಯೇ. ಗರ್ಭಿಣಿಯರು, ಕೆಲಸ ಕಳೆದುಕೊಂಡವರು, ಕಾಯಿಲೆಯವರು ಅದರಲ್ಲಿದ್ದರು.

ಕಟ್ಟಡದಲ್ಲಿ ಕಾಣದ ಕೊರತೆ

ಟರ್ಮಿನಲ್ ದೊಡ್ಡದಾದ ಮಾತ್ರಕ್ಕೆ ಟಿಕೆಟ್ ಅಗ್ಗವಾಗುವುದಿಲ್ಲ. ಶಾಲೆಗೆ ರಜೆ ಸಿಗುವ ಜುಲೈ, ಆಗಸ್ಟ್ ತಿಂಗಳಲ್ಲೂ ಈದ್‌ನ ದಿನಗಳಲ್ಲೂ ನಾಲ್ಕು ಜನರ ಕುಟುಂಬ ಊರಿಗೆ ಬಂದು ಹೋಗಲು ತಿಂಗಳುಗಳ ಉಳಿತಾಯ ಬೇಕು. ಮಂಗಳೂರಿಗೆ ಗಲ್ಫ್ ವಿಮಾನಗಳನ್ನು ಹಾರಿಸುತ್ತಿರುವುದು ಭಾರತದ ವಿಮಾನ ಸಂಸ್ಥೆಗಳು ಮಾತ್ರ. ಗಲ್ಫ್ ದೇಶಗಳ ಸಂಸ್ಥೆಗಳು ಇಲ್ಲಿಗೆ ಬರಬೇಕಾದರೆ ಎರಡು ಸರಕಾರಗಳ ನಡುವಿನ ಒಪ್ಪಂದದಲ್ಲಿ ಈ ಊರಿನ ಹೆಸರು ಸೇರಬೇಕು. ಅದು ದಿಲ್ಲಿಯಲ್ಲಿ ಆಗಬೇಕಾದ ಕೆಲಸ, ಬಜ್ಪೆಯಲ್ಲಿ ಅಲ್ಲ. ಸ್ಪರ್ಧೆ ಇಲ್ಲದ ಪೇಟೆಯಲ್ಲಿ ಮೀನಿನ ದರ ಏನಾಗುತ್ತದೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ.

ಹಜ್ ಯಾತ್ರಿಕರ ವಿಷಯವೂ ಹೀಗೆಯೇ. 2009ರಿಂದ ಹಲವು ವರ್ಷ ನಮ್ಮ ಹಿರಿಯರು ಬಜ್ಪೆಯಿಂದಲೇ ಹಜ್‌ಗೆ ಹೊರಡುತ್ತಿದ್ದರು. ಇಳಿವಯಸ್ಸಿನ ತಂದೆ ತಾಯಿಯನ್ನು ಮನೆಯವರೆಲ್ಲ ಬಂದು ಕಳುಹಿಸಿಕೊಡುವ ಭಾಗ್ಯ ಅದು. ಕೊರೊನಾದ ನಂತರ 2022ರ ಹಜ್‌ಗೆ ದೇಶದ ನಿರ್ಗಮನ ಕೇಂದ್ರಗಳನ್ನು ಹತ್ತಕ್ಕೆ ಇಳಿಸಿದಾಗ ಮಂಗಳೂರಿನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಕಾರ್ಕಳದ ಎಪ್ಪತ್ತು ವರ್ಷದ ಅಜ್ಜಿಯೊಬ್ಬರಿಗೆ ಬೆಂಗಳೂರಿನವರೆಗಿನ ಘಟ್ಟದ ಪ್ರಯಾಣ ಜಿದ್ದಾದ ವಿಮಾನಕ್ಕಿಂತ ಹೆಚ್ಚು ದಣಿವಿನದ್ದು.

ಉಡುಪಿಗೇ ಒಂದು ನಿಲ್ದಾಣ ಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಇದ್ದರೆ ಬೇಡವೆನ್ನುವವರು ಯಾರು? ಆದರೆ ಅಷ್ಟರಲ್ಲಿ ಕಾಪು, ಉಡುಪಿ, ಕಾರ್ಕಳಗಳಿಂದ ಹಗಲು ರಾತ್ರಿ ಬಜ್ಪೆಗೆ ನಂಬಿಕೆಯಿಂದ ಹೋಗುವ ಬಸ್ಸು, ರಾತ್ರಿ ಒಂಟಿ ಹೆಣ್ಣುಮಗಳು ಅಂಜದೆ ಇಳಿದು ಕಾಯಬಹುದಾದ ಜಾಗ, ಮಳೆಗಾಲದಲ್ಲೂ ಗುಂಡಿ ಬೀಳದ ರಸ್ತೆ ಇಷ್ಟಾದರೂ ಆಗಲಿ. ಇದಕ್ಕೆ ನೂರಾರು ಎಕರೆ ಬೇಕಾಗಿಲ್ಲ.

ಹೊರಡುವ ಮುನ್ನ

ಈಗ ಗಲ್ಫಿಗೆ ಹೋಗುವವರಲ್ಲಿ ಒಂಟಿಯಾಗಿ ಹೊರಡುವ ಮಹಿಳೆಯರೂ ಬಹಳ. ಮಗಳ ಬಾಣಂತನಕ್ಕೆ ಹೋಗುವ ತಾಯಿ, ಕೆಲಸಕ್ಕೆ ಹೋಗುವ ನರ್ಸ್, ಮಕ್ಕಳನ್ನು ಕರೆದುಕೊಂಡು ಗಂಡನ ಬಳಿಗೆ ಹೋಗುವವಳು. ಅವರಿಗಾಗಿ ಕೆಲವು ಮಾತು.

ನಡೆಯಲು ಕಷ್ಟವಿರುವ ಹಿರಿಯರಿದ್ದರೆ ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಬೇಕೆಂದು ಹೇಳಿ. ತಡವಾದರೆ ಹೊರಡುವ 48 ಗಂಟೆಗೆ ಮೊದಲಾದರೂ ವಿಮಾನ ಸಂಸ್ಥೆಗೆ ತಿಳಿಸಿ. ಊರಿನ ಔಷಧಿ ಒಯ್ಯುವುದಾದರೆ ವೈದ್ಯರ ಚೀಟಿ ಜೊತೆಗಿರಲಿ. ಇಲ್ಲಿ ಸುಲಭವಾಗಿ ಸಿಗುವ ಕೆಲವು ನೋವಿನ ಮತ್ತು ನಿದ್ದೆಯ ಮಾತ್ರೆಗಳಿಗೆ ಗಲ್ಫ್ ದೇಶಗಳಲ್ಲಿ ಕಟ್ಟುನಿಟ್ಟಿನ ಕಾನೂನಿದೆ. ಬೇರೆಯವರು ಕೊಟ್ಟ ಕಟ್ಟು ಎಷ್ಟೇ ಪರಿಚಯದವರದ್ದಾದರೂ ಬಿಚ್ಚಿ ನೋಡದೆ ಚೀಲಕ್ಕೆ ಹಾಕಬೇಡಿ. ಒಣಮೀನು, ಉಪ್ಪಿನಕಾಯಿ, ಹಪ್ಪಳವನ್ನು ಮನೆಯಲ್ಲೇ ತೂಗಿ ಕಟ್ಟಿ. ಕೌಂಟರಿನ ಮುಂದೆ ಸೂಟ್‌ಕೇಸ್ ಬಿಚ್ಚುವ ಸಂಕಟ ತಪ್ಪುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಸುಕಿದರೆ ವಿಮಾನ ಬೆಂಗಳೂರಿಗೋ ಕಣ್ಣೂರಿಗೋ ತಿರುಗಿ ಹೋಗುವುದುಂಟು. ಪೈಲಟ್ ಇಳಿಸದೆ ಮೇಲೆತ್ತಿದರೆ ಅದನ್ನು ಅವನ ಅಸಾಮರ್ಥ್ಯವೆಂದು ಬೈಯಬೇಡಿ. 2010ರಲ್ಲಿ ಹಾಗೆ ಮೇಲೆತ್ತಿದ್ದರೆ ಎಷ್ಟು ಮನೆಗಳ ದೀಪ ಉಳಿಯುತ್ತಿತ್ತು ಎಂದು ನೆನೆಯಿರಿ.

ಇನ್ನೊಂದು ಮುಖ್ಯ ವಿಷಯ. ಮನೆಯ ದುಡಿಯುವ ಸದಸ್ಯನ ಪಾಸ್‌ಪೋರ್ಟ್, ವೀಸಾ, ಸಂಬಳದ ಕಾಗದಗಳ ಒಂದು ಪ್ರತಿ ಊರಿನ ಮನೆಯಲ್ಲೂ ಇರಲಿ. ಬಜ್ಪೆಯ ದುರಂತದ ನಂತರ ಪರಿಹಾರಕ್ಕಾಗಿ ಕುಟುಂಬಗಳು ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆಯಬೇಕಾಯಿತು. ಒಂದು ಕುಟುಂಬದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 7.64 ಕೋಟಿ ರೂಪಾಯಿ ಪರಿಹಾರ ನಿಗದಿ ಮಾಡಿದ್ದು 2020ರಲ್ಲಿ, ಹತ್ತು ವರ್ಷಗಳ ನಂತರ. ಅಲ್ಲಿ ಲೆಕ್ಕಕ್ಕೆ ಬಂದದ್ದು ತೀರಿಕೊಂಡವರ ಸಂಬಳ. ಆ ಸಂಬಳ ಎಷ್ಟೆಂದು ತೋರಿಸುವ ಕಾಗದ ಎಲ್ಲಿದೆಯೆಂದು ಹೆಂಡತಿಗೆ ಗೊತ್ತಿರುವುದು ಅಪಶಕುನವಲ್ಲ, ಎಚ್ಚರ.

ನಾವೇನು ಕೇಳಬೇಕು?

ನಿಲ್ದಾಣದ ಶುಲ್ಕವನ್ನು ಐದು ವರ್ಷಗಳ ಅವಧಿಗೆ ಲೆಕ್ಕ ಹಾಕಿ ನಿಗದಿ ಮಾಡುತ್ತಾರೆ. ಪ್ರತಿ ಬಾರಿಯೂ ನಿಯಂತ್ರಣ ಪ್ರಾಧಿಕಾರ ಒಂದು ಸಮಾಲೋಚನಾ ಪತ್ರ ಹೊರಡಿಸುತ್ತದೆ. ಕಂಪೆನಿ ಯಾವ ಕೆಲಸಕ್ಕೆ ಎಷ್ಟು ಹಣ ಕೇಳಿದೆ, ಎಷ್ಟಕ್ಕೆ ಒಪ್ಪಿಗೆ ಕೊಡಬಹುದು ಎಂಬುದೆಲ್ಲ ಅದರಲ್ಲಿರುತ್ತದೆ. ಅಭಿಪ್ರಾಯ ತಿಳಿಸಲು ಅವಕಾಶವನ್ನೂ ಕೊಡುತ್ತಾರೆ. ವಿಮಾನ ಸಂಸ್ಥೆಗಳು ಬರೆಯುತ್ತವೆ, ವ್ಯಾಪಾರಿ ಸಂಘಗಳು ಬರೆಯುತ್ತವೆ. ದುಡಿದು ಟಿಕೆಟ್ ಕೊಳ್ಳುವವರ ಮನೆಯಿಂದ ಬರೆಯುವವರು ಕಡಿಮೆ.

ನಿಮ್ಮ ಊರಿನ ಜಮಾಅತ್, ಮಹಿಳಾ ಸಂಘ, ಗಲ್ಫಿನಲ್ಲಿರುವ ನಿಮ್ಮವರ ಅನಿವಾಸಿ ಸಂಘಟನೆಗಳು ಇವುಗಳ ಮೂಲಕವಾದರೂ ನಮ್ಮ ಮಾತು ಅಲ್ಲಿಗೆ ತಲುಪಲಿ. ಮೊದಲ ಹಣ ರನ್‌ವೇಯ ಎರಡೂ ತುದಿಯ ಸುರಕ್ಷತೆಗೆ ಹೋಗಲಿ. ಅಲ್ಲಿ ಜಾಗ ಬಿಡಬೇಕಾದವರಿಗೆ ಸಕಾಲದಲ್ಲಿ, ಗೌರವದಿಂದ ಪರಿಹಾರ ಸಿಗಲಿ. ಆ ಮೇಲೆ ಹೊರಗೆ ಕಾಯುವವರಿಗೆ ನೆರಳು, ಕುಳಿತುಕೊಳ್ಳಲು ಜಾಗ, ಸ್ವಚ್ಛ ಶೌಚಾಲಯ, ಎಳೆ ಮಗುವಿಗೆ ಹಾಲು ಕೊಡಲು ಮರೆ ಇರುವ ಕೋಣೆ ಬರಲಿ. ಅಂಗಡಿಗಳ ಸಾಲು, ಮಿನುಗುವ ದೀಪ, ಅಲಂಕಾರ ಎಲ್ಲವೂ ಕೊನೆಗೆ ಬರಲಿ. ಇದೇ ಕ್ರಮ ನಮಗೆ ಬೇಕೆಂದು ಕೇಳುವ ಹಕ್ಕು ನಮಗಿದೆ, ಏಕೆಂದರೆ ಆ ಹಣ ನಮ್ಮದು.

ವಾಪಸು ಹೊರಡುವ ಮುಂಚೆ ಆಗಮನದ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಗಾಜಿನ ಬಾಗಿಲು ತೆರೆದಾಗಲೆಲ್ಲ ಹೊರಗೆ ನಿಂತ ಹತ್ತು ಮುಖಗಳು ಒಟ್ಟಿಗೆ ಎತ್ತಿ ನೋಡುತ್ತವೆ. ಅವರಲ್ಲಿ ಕಾಪುವಿನವರು ಯಾರು, ಕಾರ್ಕಳದವರು ಯಾರು, ಯಾವ ಧರ್ಮದವರು ಎಂದು ಹೇಳಲು ಆಗುವುದಿಲ್ಲ. ಎರಡು ವರ್ಷದಿಂದ ಫೋನಿನಲ್ಲಿ ಮಾತ್ರ ಕಂಡ ಅಪ್ಪ ಹೊರಬಂದಾಗ ಮಗು ಗುರುತು ಸಿಗದೆ ತಾಯಿಯ ಸೆರಗಿನ ಹಿಂದೆ ಅಡಗುತ್ತದೆ. ಅಪ್ಪ ಟ್ರಾಲಿಯನ್ನು ಅಲ್ಲೇ ಬಿಟ್ಟು ಮಂಡಿಯೂರಿ ಕುಳಿತು ಕೈ ಚಾಚುತ್ತಾನೆ.